ಮೌಸಿಗೆ ಮೂರು ಹನಿ ಹರಳೆಣ್ಣೆ

ಆ ಮೌಸನ್ನು ನಾನು ಮೊದಲು ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ನೋಡಿದ ಗಳಿಗೆಯಲ್ಲೇ ಪ್ರತಿಜ್ಞೆ ಮಾಡಿದೆ: ಇದನ್ನು ರಿಪೇರಿ ಮಾಡುವವಳು ನಾನೇ! ಮೂವತ್ತೆರಡು ವರ್ಷ ರೇಷ್ಮೆ ನೂಲಿನ ರಾಟೆ ತಿರುಗಿಸಿದವಳಿಗೆ ಅಂಗೈಯಗಲದ ಡಬ್ಬಿ ಯಾವ ಲೆಕ್ಕ?

ಡಬ್ಬಿ ನಮ್ಮೂರ ಹಾಲಿನ ಡೈರಿಯದು. ಕಾರ್ಯದರ್ಶಿ ಸೊಣ್ಣಪ್ಪನವರು ಅಲ್ಲಿನ ಹಳೇ ಕಂಪ್ಯೂಟರನ್ನು ನನ್ನ ಸೊಸೆ ಅನಿತಳಿಗೆ ಕೊಟ್ಟು, ಹಾಲು ಹಾಕುವ ತೊಂಬತ್ತನಾಲ್ಕು ಮಂದಿಯ ಹೆಸರು ಟೈಪು ಮಾಡು ಎಂದಿದ್ದರು. ಸೋಮವಾರ ಬೆಳಿಗ್ಗೆ ಪಟ್ಟಿ ಕೈಗೆ ಬಂದರೆ ಡೈರಿಯ ಕೆಲಸ ಅವಳದು. ಬಾರದಿದ್ದರೆ ಅವರ ಬಾಮೈದನದು.

ಪರದೆಯ ಮೇಲಿನ ಬಾಣ ಮೇಲೆ ಕೆಳಗೆ ಹೋಗುತ್ತಿತ್ತು, ಅಡ್ಡಕ್ಕೆ ಮಾತ್ರ ಒಲ್ಲೆ ಎನ್ನುತ್ತಿತ್ತು. ಮೌಸನ್ನು ಬೋರಲು ಹಾಕಿ ಹೊಟ್ಟೆಯ ಬಿಲ್ಲೆ ತಿರುಗಿಸಿದೆ. ನೆಲ್ಲಿಕಾಯಿ ಗಾತ್ರದ ರಬ್ಬರು ಗುಂಡೊಂದು ಜಾರಿ ರಾಗಿ ಡ್ರಮ್ಮಿನ ಕೆಳಗೆ ಹೋಯಿತು. ಒಳಗೆ ಎರಡು ಪುಟ್ಟ ಕಡ್ಡಿಗಳು. ಒಂದಕ್ಕೆ ಕೊಳೆ, ಕೂದಲು, ನೂಲು ಸುತ್ತಿ ಉಂಗುರ ಕಟ್ಟಿತ್ತು. ರಾಟೆಯ ಕೀಲಿಗೂ ಇದೇ ರೋಗ! ಸೆರಗಿನ ಪಿನ್ನಿನಿಂದ ಒಂದೊಂದೇ ಎಳೆ ಬಿಡಿಸಿ, ಗುಂಡನ್ನು ಹುಡುಕಿ ತಂದು ಕೂರಿಸಿದೆ. ಬಾಣ ಅಡ್ಡಕ್ಕೂ ಓಡಿತು.

"ಅತ್ತೆ, ಮುಳಬಾಗಿಲಲ್ಲಿ ಅಂಗಡಿ ಇಡ್ಬೋದು ನೀವು," ಎಂದಳು ಅನಿತ. ನಾನು ಕೆಟ್ಟಿದ್ದೇ ಈ ಮಾತಿನಿಂದ.

ಮಧ್ಯಾಹ್ನಕ್ಕೆ ಹೆಸರುಗಳೆಲ್ಲ ಮುಗಿದವು. ಸೊಣ್ಣಪ್ಪನವರು ಬಂದು ರಿಜಿಸ್ಟರನ್ನು ವಾಪಸ್ ಒಯ್ದು, ಡೈರಿಯೊಳಗಿಟ್ಟು ಬೀಗ ಹಾಕಿ, ಮಾಲೂರಿನ ಮದುವೆಗೆ ಹೋದರು. ಅನಿತ ಹಸುವಿಗೆ ನೀರು ಕುಡಿಸಲು ಹಿತ್ತಲಿಗೆ ಹೋದಳು. ನಾನೊಬ್ಬಳೇ ಕೂತು ಯೋಚಿಸಿದೆ. ರಾಟೆ ಬಿಚ್ಚಿದ ಮೇಲೆ ಎಣ್ಣೆ ಬಿಡದೆ ಮುಚ್ಚಿದವಳಲ್ಲ ನಾನು. ಇವತ್ತು ಮಾತ್ರ ಅರೆಕೆಲಸ ಯಾಕೆ? ಮತ್ತೆ ಬಿಚ್ಚಿ ಹರಳೆಣ್ಣೆ ಬಿಟ್ಟೆ. ಕಡ್ಡಿಗೊಂದು ಹನಿ, ಗುಂಡಿಗೊಂದು ಹನಿ, ಒಟ್ಟು ಮೂರು.

ಎಣ್ಣೆ ಕುಡಿದ ಗುಂಡು ಕಡ್ಡಿಯನ್ನು ಹಿಡಿಯಲೇ ಇಲ್ಲ! ಒಂದು ಗೇಣು ಉಜ್ಜಿದರೆ ಬಾಣ ನಿಂತಲ್ಲೇ ನಡುಗುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಮೂಲೆಗೆ ಹಾರುತ್ತಿತ್ತು. ತಡೆಯೋಣವೆಂದು ಮೌಸಿನ ಗುಂಡಿ ಒತ್ತಿದೆ. ಒತ್ತಿದ್ದು ಮೂಲೆಯಲ್ಲಿದ್ದ, ಪಟ್ಟಿ ಮುಚ್ಚುವ ಕತ್ತರಿ ಗುರುತಿನ ಮೇಲೆ. ಪರದೆ ಏನೋ ಕೇಳಿತು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ: ಉ-ಳಿ-ಸ-ಬೇ-ಕೇ? ಬೇಕು ಎಂಬಲ್ಲಿಗೆ ಬಾಣ ಒಯ್ದು ಒತ್ತಿದೆ. ಒತ್ತುವಷ್ಟರಲ್ಲಿ ಅದು ಬೇಡ ಎಂಬಲ್ಲಿಗೆ ಜಾರಿತ್ತು.

ಪಟ್ಟಿ ಹೋಯಿತು. ಹಸುವಿಗೆ ನೀರು ಕುಡಿಸಿ ಬಂದು ಎಲ್ಲವನ್ನೂ ಒಂದೇ ಸಲ ಉಳಿಸೋಣವೆಂದು ಅನಿತ ಬಿಟ್ಟಿದ್ದಳಂತೆ. ಅವಳು ಬೈಯಲಿಲ್ಲ. ಗೋಡೆಗೊರಗಿ ಕೂತು, "ದೇವುಡಾ, ಇನ್ನು ಬಾಮೈದನಿಗೇ ಬಿಡಿ," ಎಂದಳು.

ಮೌಸಿನ ಗುಂಡನ್ನು ಸೀಗೆಪುಡಿಯಲ್ಲಿ ತೊಳೆದು ಬಿಸಿಲಿಗಿಟ್ಟೆ. ಕಡ್ಡಿಗಳನ್ನು ಹಳೇ ಪಂಚೆಯ ಚೂರಿನಿಂದ ಒರೆಸಿದೆ. ಆಮೇಲೆ ಅವಳ ಪಕ್ಕ ಕೂತೆ. ದಿನಕ್ಕೆರಡು ಹೊತ್ತು ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವಳು ನಾನು. ಯಾರ ಹಿಂದೆ ಯಾರೆಂದು ನನಗೆ ಗೊತ್ತು.

"ಬರ್ಕೊಳೇ. ಮೊದಲು ಮುನಿಕೃಷ್ಣಪ್ಪ. ಅವನ ಹಿಂದೆ ನಂಜಮ್ಮ, ಯಾವತ್ತೂ ನೀರು ಬೆರೆಸಿಲ್ಲ ಅಂತಾಳೆ, ಅದನ್ನ ಬರೀಬೇಡ."

ಸಾಲು ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದೆವು. ಎಣಿಸಿದರೆ ತೊಂಬತ್ತಮೂರು. ಮತ್ತೆ ಎಣಿಸಿದರೂ ತೊಂಬತ್ತಮೂರು. ಯಾರನ್ನೋ ನುಂಗಿಬಿಟ್ಟಿದ್ದೆ. ನನ್ನ ಲೆಕ್ಕ ಎಂದೂ ತಪ್ಪುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಮೂರನೇ ಸಲ ಬೆರಳು ಮಡಚತೊಡಗಿದೆ.

"ಮುನಿರಾಮಪ್ಪನ ಹಿಂದೆ ಯಾರತ್ತೆ?"

"ಗಂಗರತ್ನಮ್ಮ."

"ಅವರಿಬ್ಬರ ಮಧ್ಯೆ?"

"ಮಧ್ಯೆ ಯಾರೂ ಇಲ್ಲ ಕಣೇ. ನಾನು ನಿಂತಿರ್ತೀನಿ."

ಅನಿತ ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಸರು ಟೈಪು ಮಾಡಿದಳು: ಶಾಮಲಮ್ಮ.

ಬಾಣವನ್ನು ಮೂಲೆಗೆ ಒಯ್ದು ಒತ್ತಿದಳು, ಈ ಸಲ ಅದು ಜಾರಲಿಲ್ಲ. ಬೇಕು ಅನ್ನೋದನ್ನ ನೀವೇ ಒತ್ತಿ ಎಂದು ಅವಳು ಮೌಸನ್ನು ನನ್ನ ಕಡೆ ಸರಿಸಿದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೆ. ಪರದೆ ಕೇಳುತ್ತಿತ್ತು:

ಉಳಿಸಬೇಕೇ?