ನಿರಂಜನ ತಟ್ಟೆ ಖಾಲಿ ಮಾಡಿದ್ದು

ಇಷ್ಟಕ್ಕೆಲ್ಲ ಕಾರಣ ನಿರಂಜನನ ಅಜ್ಜಿ. ಪಾಪ, ಆಕೆ ದುಬೈ ನೋಡಿದವರಲ್ಲ, ಚೀನಾದವರ ತಿಂಡಿಯ ಹೆಸರು ಕೇಳಿದವರೂ ಅಲ್ಲ. ಮೈಸೂರಿನ ಮನೆಯಲ್ಲಿ ಮೊಮ್ಮಗನನ್ನು ಊಟಕ್ಕೆ ಕೂರಿಸಿ, ಎಲೆಯಲ್ಲಿ ಒಂದು ಅಗುಳು ಉಳಿದರೂ ಏಳಗೊಡದೆ ಬೆಳೆಸಿದರು, ಅಷ್ಟೇ. ಆ ಹುಡುಗ ಮುಂದೆ ಮೀಸೆ ಬಿಟ್ಟ, ಬಿ.ಕಾಂ. ಮಾಡಿದ, ವಿಮಾನ ಹತ್ತಿದ, ದುಬೈಯ ಕರಾಮದಲ್ಲಿ ಉಮ್ಮರಬ್ಬ ಹಾಜಿಯವರ ಲೈಟಿನ ಅಂಗಡಿಯಲ್ಲಿ ಸೇಲ್ಸ್‌ಮನ್ನೂ ಆದ. ಆದರೆ ತಟ್ಟೆಯಲ್ಲಿ ಏನಾದರೂ ಉಳಿದರೆ ಬೆನ್ನ ಹಿಂದೆ ಅಜ್ಜಿ ಬಂದು ನಿಂತ ಹಾಗೆ ಅವನಿಗೆ ಇವತ್ತಿಗೂ ಆಗುತ್ತದೆ.

ಅವನ ಸಂಕಟ ಮಾತ್ರ ಬೇರೆಯೇ. ಮದುವೆಯಾಗಿ ವರ್ಷವಾಗುತ್ತ ಬಂದಿತ್ತು. ಹೆಂಡತಿ ನಿಸರ್ಗ ಮೈಸೂರಿನಲ್ಲಿ, ಇವನು ಇಂಟರ್‌ನ್ಯಾಷನಲ್ ಸಿಟಿ ಅನ್ನುವ ದುಬೈ ಬಡಾವಣೆಯ ಚೀನಾ ಕ್ಲಸ್ಟರಿನಲ್ಲಿ. ಕಂಪನಿ ಕೊಟ್ಟ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇವನ ಜೊತೆಗಿದ್ದವನು ನಾರ್ಬರ್ಟ್. ಅದೇ ಅಂಗಡಿಯ ಹಳೆಯ ಸೇಲ್ಸ್‌ಮನ್, ಮೂಡುಬಿದಿರೆ ಕಡೆಯವನು, ಗೊರಕೆಯಲ್ಲಿ ಎತ್ತಿದ ಕೈ. ನಿಸರ್ಗ ಬರಬೇಕಾದರೆ ಇವನ ಸಂಬಳ ಏರಬೇಕು, ಫ್ಯಾಮಿಲಿ ವೀಸಾ ಆಗಬೇಕು, ಫ್ಲ್ಯಾಟಿನಿಂದ ಗೊರಕೆ ಹೊರಗೆ ಹೋಗಬೇಕು. ಇದೆಲ್ಲ ಇದ್ದದ್ದು ಹಾಜಿಯವರ ಕೈಯಲ್ಲಿ.

ಗುರುವಾರ ಸಂಜೆ ಹಾಜಿಯವರು ಅವನನ್ನು ಕ್ಯಾಬಿನ್ನಿಗೆ ಕರೆದರು.

"ನೋಡು ನಿರಂಜನ, ನಾಳೆ ಬೆಳಿಗ್ಗೆ ಲಿಯು ಅವರು ತಿಂಡಿಗೆ ಕರೆದಿದ್ದಾರೆ. ನಮಗೆ ಲೈಟು ಕೊಡುವ ಚೀನಾದವರು, ಗೊತ್ತಲ್ಲ? ನಿಮ್ಮ ಫ್ಲ್ಯಾಟಿನ ಕೆಳಗೇ ಒಂದು ಚೀನಾ ಹೋಟೆಲು ಉಂಟಲ್ಲ, ಅಲ್ಲಿಗೆ ಬಾ. ಅವರಿಗೆ ನೀನು ಹಿಡಿಸಿದರೆ ನಿನ್ನ ಸಂಬಳ ಏರಿಸುವುದು ನನ್ನ ಜವಾಬ್ದಾರಿ. ಮತ್ತೆ ನಿನ್ನ ಫ್ಯಾಮಿಲಿಯದ್ದೂ ನೋಡುವ."

ಫ್ಯಾಮಿಲಿ ಅಂದ ಕೂಡಲೇ ನಿರಂಜನ ಎರಡು ಸಲ ತಲೆಯಾಡಿಸಿದ. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕಲ್ಲ.

"ಸಾರ್, ನಾನು ಮೊಟ್ಟೆ ಕೂಡ ತಿನ್ನಲ್ಲ."

"ಅದೆಲ್ಲ ಹೇಳಿ ಆಗಿದೆ ಮಾರಾಯ. ಲಿಯು ಅವರ ತಾಯಿ ಕೂಡ ಸೊಪ್ಪು ತರಕಾರಿ ಮಾತ್ರ ತಿನ್ನುವುದಂತೆ. ಹೋಟೆಲಿನವರಿಗೆ ಬೇರೆ ಪಾತ್ರೆಯಲ್ಲೇ ಮಾಡಲಿಕ್ಕೆ ಹೇಳಿದ್ದಾರೆ. ನೀನು ಸುಮ್ಮನೆ ಬಂದು ತಿಂದರೆ ಆಯ್ತು."

ರೂಮಿಗೆ ಬಂದು ವಿಷಯ ಹೇಳಿದರೆ ನಾರ್ಬರ್ಟ್ ಕೈಲಿದ್ದ ಸೌಟನ್ನು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ಅವನಿಗೆ ಬುದ್ಧಿ ಹೇಳುವುದೆಂದರೆ ಹಬ್ಬ.

"ಆ ಹೋಟೆಲು ನನಗೆ ಗೊತ್ತುಂಟು. ಸಣ್ಣ ಸಣ್ಣ ಬಿದಿರಿನ ಬುಟ್ಟಿಯಲ್ಲಿ ಕಡುಬು ಬೇಯಿಸಿ ತಂದಿಡ್ತಾರೆ. ಡಿಮ್ ಸಮ್ ಅಂತ ಹೇಳುವುದು. ನೀನು ಒಂದೇ ವಿಷಯ ನೆನಪಿಟ್ಟುಕೋ. ಬೇಡ ಅಂತ ಬಾಯಲ್ಲಿ ಬರಬಾರದು. ನಿಮ್ಮ ಮನೆಯಲ್ಲಿ ಹೇಗೆ ಉಣ್ಣುತ್ತೀಯೋ ಹಾಗೇ ಉಣ್ಣು. ತಟ್ಟೆ ತೊಳೆದ ಹಾಗಿರಬೇಕು."

"ನನಗೆ ಫ್ಯಾಮಿಲಿ ಸ್ಟೇಟಸ್ ಆದ್ರೆ ನೀನು ಸತ್ವಾ ಏರಿಯಾದ ಬ್ಯಾಚುಲರ್ ರೂಮಿಗೆ ಹೋಗಬೇಕಾಗುತ್ತಲ್ಲೋ?"

"ನನ್ನದು ಬಿಡು. ನೀನು ಹೊಸದಾಗಿ ಮದುವೆಯಾದವ," ಅಂದ ನಾರ್ಬರ್ಟ್. ನಿರಂಜನನ ಕಣ್ಣು ತುಂಬಿ ಬಂತು. ಗೊರಕೆ ಹೊಡೆಯುವವರೆಲ್ಲ ಒಳ್ಳೆಯವರೇ ಇರಬೇಕು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲಿಫ್ಟಿನಲ್ಲಿ ಕೆಳಗಿಳಿದು ಹೋಟೆಲು ಹೊಕ್ಕ. ದೊಡ್ಡ ದುಂಡು ಮೇಜು, ಅದರ ನಡುವೆ ತಿರುಗುವ ಗಾಜಿನ ಹಲಗೆ. ಲಿಯು ಎದ್ದು ಕೈ ಕುಲುಕಿದರು. ಸಣ್ಣ ಆಳು, ಮುಖದ ತುಂಬ ನಗು. ದುಬೈಗೆ ಬಂದು ಕಲಿತ ಅರೆಬರೆ ಹಿಂದಿ, ಇಂಗ್ಲಿಷು ಎರಡನ್ನೂ ಸೇರಿಸಿ ಮಾತಾಡುತ್ತಿದ್ದರು. ಹಾಜಿಯವರು ಒಂದು ಕಪ್ ಚಹಾ ಮುಂದಿಟ್ಟುಕೊಂಡು, ತನಗೆ ಷುಗರ್, ಮನೆಯಲ್ಲೇ ಓಟ್ಸ್ ಆಯ್ತು ಅಂತ ಹೇಳಿ ಕೈಕಟ್ಟಿ ಕೂತರು.

ಮೊದಲ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಹಬೆ, ಹಬೆಯೊಳಗೆ ಬಿಳೀ ಕಡುಬುಗಳು, ಒಳಗಿನ ಪಾಲಕ್ ಸೊಪ್ಪಿನ ಹಸಿರು ಹೊರಗೇ ಕಾಣುವಷ್ಟು ತೆಳ್ಳಗೆ. ಲಿಯು ತಮ್ಮ ಕಡ್ಡಿಗಳಿಂದ ಎರಡನ್ನು ಎತ್ತಿ ಅವನ ತಟ್ಟೆಗೆ ಹಾಕಿದರು. ನಿರಂಜನ ತನ್ನ ಕಡ್ಡಿಗಳನ್ನು ಹಿಡಿದು ನೋಡಿದ. ಕಡುಬು ಜಾರಿ ಹೋಗಿ ಹಾಜಿಯವರ ಚಹಾದಲ್ಲಿ ಮುಳುಗಿತು. ಹಾಜಿಯವರು ಏನೂ ಆಗದವರಂತೆ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವನು ಕಡ್ಡಿಗಳ ಗೊಡವೆಗೆ ಹೋಗದೆ ಚಮಚ ತರಿಸಿಕೊಂಡ.

ಕಡುಬು ಚೆನ್ನಾಗೇ ಇತ್ತು. ತಟ್ಟೆ ಖಾಲಿ ಮಾಡಿದ. ಲಿಯು ಇನ್ನೆರಡು ಹಾಕಿದರು. ಅವನ್ನೂ ಮುಗಿಸಿದ. ಮತ್ತೆರಡು ಬಂದವು. ಅಣಬೆಯದು ಬಂತು, ತೋಫುವಿನದು ಬಂತು, ಮೂಲಂಗಿ ತುರಿದು ಹುರಿದ ಬಿಲ್ಲೆ ಬಂತು. ಬಡಿಸಿದ್ದನ್ನು ಬಿಡಬಾರದು ಅಂತ ಇವನು ತಿನ್ನುವುದು, ತಟ್ಟೆ ಖಾಲಿಯಾಯಿತಲ್ಲ, ಪಾಪ ಇನ್ನೂ ಹಸಿವಿರಬೇಕು ಅಂತ ಅವರು ಬಡಿಸುವುದು. ಇಬ್ಬರೂ ಮರ್ಯಾದಸ್ಥರು, ಆದ್ದರಿಂದ ಇದು ನಿಲ್ಲುವ ಲಕ್ಷಣ ಕಾಣಲಿಲ್ಲ.

ಹೊಟ್ಟೆ ಬಿಗಿಯತೊಡಗಿದಾಗ ನಿರಂಜನ ಊರಿನ ಪಂಕ್ತಿಯಲ್ಲಿ ಮಾಡುವ ಹಾಗೆ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದು ಬಗ್ಗಿದ. ಲಿಯು ಅವರಿಗೆ ಇದು ಬಹಳ ಖುಷಿ ಕೊಟ್ಟಿತು. ಅವರ ಊರಿನಲ್ಲೂ ಅತಿಥಿಗಳು ಹೀಗೇ ನಾಚಿಕೊಳ್ಳುತ್ತಾರಂತೆ. ಬೆರಳ ಸಂದಿಯಲ್ಲಿ ಜಾಗ ಮಾಡಿಕೊಂಡು ಒಂದು ಕಡುಬು ಇಳಿಸಿಯೇಬಿಟ್ಟರು.

ಚಹಾ ಕುಡಿದರೆ ಒಂದಿಷ್ಟು ಇಳಿದೀತು ಅಂತ ನೋಡಿದರೆ ಅದು ಸುಡುತ್ತಿತ್ತು. ಆರಲಿ ಅಂತ ಚಹಾ ಜಗ್ಗಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಎಲ್ಲಿದ್ದಳೋ, ಬಡಿಸುವ ಹುಡುಗಿ ಓಡಿ ಬಂದು ಜಗ್ಗಿನ ತುಂಬ ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ ಹೋದಳು. ಇವನು ಮತ್ತೆ ತೆಗೆದ. ಅವಳು ಮತ್ತೆ ಬಂದಳು. ಆ ಹೋಟೆಲಿನಲ್ಲಿ ಮುಚ್ಚಳ ತೆಗೆದಿಟ್ಟರೆ ಇನ್ನಷ್ಟು ಬೇಕು ಅಂತ ಲೆಕ್ಕ. ಅದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ನಾಲ್ಕನೇ ಸಲಕ್ಕೆ ಆ ಹುಡುಗಿ ಕೆಟಲನ್ನು ಹಿಡಿದುಕೊಂಡು ಅವನ ಕುರ್ಚಿಯ ಹಿಂದೆಯೇ ನಿಂತುಬಿಟ್ಟಳು.

ಅಡುಗೆಯವನು ಒಳಗಿಂದ ಎದ್ದು ಬಂದು ನೋಡಿ ಹೋದ. ಪಕ್ಕದ ಮೇಜಿನ ಚೀನೀ ಸಂಸಾರವೊಂದು ತಮ್ಮ ತಿಂಡಿ ನಿಲ್ಲಿಸಿ ಕುರ್ಚಿಗಳನ್ನು ಇತ್ತ ತಿರುಗಿಸಿಕೊಂಡಿತು. ಅದರಲ್ಲಿದ್ದ ಮುದುಕಿಯೊಬ್ಬಳು ತಮ್ಮ ಮೇಜಿನಿಂದ ಒಂದು ಎಳ್ಳುಂಡೆ ತಂದು, ಏನೋ ಹೇಳಿ, ತನ್ನ ಕೈಯಾರೆ ಅವನ ತಟ್ಟೆಗಿಟ್ಟಳು. ಅಜ್ಜಿಯರಿಗೆ ಇಲ್ಲ ಅನ್ನುವ ಶಕ್ತಿ ನಿರಂಜನನಿಗೆ ಹುಟ್ಟಿನಿಂದಲೇ ಇಲ್ಲ. ಬೆಲ್ಟಿನ ಎರಡು ತೂತು ಸಡಿಲಿಸಿದ. ನಿಸರ್ಗ ದುಬೈ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳಿಕೊಂಡು ಬರುವುದನ್ನು ಮನಸ್ಸಿನಲ್ಲಿ ನೋಡುತ್ತ ಬಾಯಿ ತೆರೆದ.

ಎಳ್ಳುಂಡೆ ಅಂಗುಳಕ್ಕೆ ಅಂಟಿಕೊಂಡಿತು. ನಾಲಿಗೆ ಅಲ್ಲಾಡಲಿಲ್ಲ. ಆಗಲೇ ಲಿಯು ಹಾಜಿಯವರ ಕಿವಿಯಲ್ಲಿ ಏನೋ ಹೇಳಿದರು. ಹಾಜಿಯವರು ಮುಂದೆ ಬಾಗಿ ಕೇಳಿದರು.

"ದಿನಾ ಇದೇ ಊಟವಾದರೂ ನಿನಗೆ ಅಡ್ಡಿಯಿಲ್ಲವಾ ನಿರಂಜನ?"

ಕೆನ್ನೆ ಉಬ್ಬಿಸಿಕೊಂಡಿದ್ದ ನಿರಂಜನ ಅಡ್ಡಿಯಿಲ್ಲ ಅಂತ ತಲೆಯಾಡಿಸಿದ. ತಿಂಡಿಗೆ ಕರೆದವರ ಮುಂದೆ ಬೇರೆ ಏನು ಹೇಳುವುದಕ್ಕಾಗುತ್ತದೆ? ಲಿಯು ಎದ್ದು ಬಂದು ಅವನ ಎರಡೂ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಅಷ್ಟರಲ್ಲಿ ಹಾಜಿಯವರಿಗೆ ಜುಮ್ಮಾ ನಮಾಜಿಗೆ ಹೊತ್ತಾಯಿತು. ಯಲ್ಲಾ ಯಲ್ಲಾ ಅಂತ ಎಲ್ಲರೂ ಎದ್ದರು. ನಿರಂಜನ ಕೂಡ ಎದ್ದ, ಆದರೆ ಮೇಜು ಹಿಡಿದುಕೊಂಡು, ಎರಡು ಕಂತಿನಲ್ಲಿ.

ರೂಮಿಗೆ ಬಂದು ಹಾಸಿಗೆಯ ಮೇಲೆ ಬಿದ್ದವನಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಆದರೂ ಮನಸ್ಸು ಮಾತ್ರ ಹಗುರವಾಗಿತ್ತು. ಕಿಟಕಿಗೆ ಯಾವ ಬಣ್ಣದ ಪರದೆ ಹಾಕಿದರೆ ನಿಸರ್ಗಳಿಗೆ ಇಷ್ಟವಾದೀತು ಅಂತ ಯೋಚಿಸುತ್ತಿರುವಾಗ ಹಾಜಿಯವರ ಫೋನು ಬಂತು.

"ಮಾಶಾ ಅಲ್ಲಾ, ಗೆದ್ದೆ ನೀನು. ನಿನ್ನ ಹಾಗೆ ತಿನ್ನುವವನನ್ನು ಚೀನಾದಲ್ಲೂ ನೋಡಿಲ್ಲವಂತೆ ಲಿಯು. ಸಂಬಳ ಏರಿಸಿದ್ದೇನೆ. ಮುಂದಿನ ತಿಂಗಳೇ ಹೊರಡಬೇಕು."

"ಎಲ್ಲಿಗೆ ಸಾರ್?"

"ಚೀನಾಕ್ಕೆ. ಗ್ವಾಂಗ್‌ಝೌ ಹತ್ತಿರ ಅವರ ಫ್ಯಾಕ್ಟರಿ. ನಮ್ಮ ಮಾಲು ನೋಡಿಕೊಳ್ಳಲಿಕ್ಕೆ ಅಲ್ಲೊಂದು ಜನ ಬೇಕು. ಈ ಮೊದಲು ಕಳಿಸಿದವರೆಲ್ಲ ಊಟ ಸೇರುವುದಿಲ್ಲ ಅಂತ ತಿಂಗಳೊಳಗೆ ಓಡಿ ಬಂದರು. ಅದಕ್ಕೇ ಈ ಸಲ ತಿನ್ನಿಸಿ ನೋಡಿಯೇ ಆರಿಸುವ ಅಂದರು ಲಿಯು. ಎರಡು ವರ್ಷ."

ನಿರಂಜನ ಎದ್ದು ಕೂರಲು ನೋಡಿದ, ಆಗಲಿಲ್ಲ. "ಸಾರ್, ನನ್ನ ಹೆಂಡತಿ..."

"ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಫ್ಯಾಮಿಲಿಗೆ ಜಾಗ ಇಲ್ಲ ಮಾರಾಯ. ಮುಗಿಸಿ ಬಾ, ಆಮೇಲೆ ಅದನ್ನೂ ನೋಡುವ. ನೀನು ತಲೆಯಾಡಿಸಿದ ಮೇಲೆಯೇ ನಾನು ಮಾತು ಕೊಟ್ಟದ್ದು. ಖಲಾಸ್."

ಫೋನಿಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ನಾರ್ಬರ್ಟ್ ನಿಂತಿದ್ದ. ಮುಖದಲ್ಲಿ ನಗು ಇರಲಿಲ್ಲ. ಆಶ್ಚರ್ಯವೂ ಇರಲಿಲ್ಲ.

"ನಿನಗೆ ಗೊತ್ತಿತ್ತಾ?" ಅಂತ ಕೇಳಿದ ನಿರಂಜನ.

"ಹೋದ ತಿಂಗಳು ನನ್ನನ್ನೂ ಕರೆದಿದ್ದರು. ನಾನು ಒಂದನ್ನು ಕಚ್ಚಿ, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟೆ. ಅವರಲ್ಲಿ ಸ್ವಲ್ಪ ಬಿಟ್ಟರೆ ಮತ್ತೆ ಬಡಿಸುವುದಿಲ್ಲ."

"ನನಗೆ ಯಾಕೋ ಹೇಳಲಿಲ್ಲ?"

ನಾರ್ಬರ್ಟ್ ಗೋಡೆ ನೋಡಿದ. "ನಮ್ಮಿಬ್ಬರಲ್ಲಿ ಒಬ್ಬ ಚೀನಾಕ್ಕೆ, ಉಳಿದವನಿಗೆ ಈ ಫ್ಲ್ಯಾಟು ಅಂತ ಹಾಜಿಯವರು ನನಗೆ ಆಗಲೇ ಹೇಳಿದ್ದರು. ನನ್ನ ಮಾರ್ಟಿನಾ ಮದುವೆಯಾಗಿ ನಾಲ್ಕು ವರ್ಷದಿಂದ ಊರಲ್ಲಿ ಕಾಯ್ತಾ ಇದ್ದಾಳೆ ಮಾರಾಯ. ಬೇಕಾದರೆ ನನಗೆ ಎರಡು ಬಾರಿಸು."

ಬಾರಿಸಬೇಕಾದರೆ ಮೊದಲು ಏಳಬೇಕು. ನಿರಂಜನನಿಗೆ ಸಿಟ್ಟಿತ್ತು, ಅಳು ಬರುತ್ತಿತ್ತು, ಆದರೆ ಹೊಟ್ಟೆ ಎರಡಕ್ಕೂ ಜಾಗ ಕೊಡಲಿಲ್ಲ. ಅಷ್ಟರಲ್ಲಿ ಮತ್ತೆ ಫೋನು ಹೊಡೆದುಕೊಂಡಿತು. ಈ ಸಲ ನಿಸರ್ಗ. ರಾತ್ರಿಯೇ ಇವನಿಂದ ವಿಷಯ ತಿಳಿದು ಬೆಳಗಿನಿಂದ ದೇವರ ಮುಂದೆ ದೀಪ ಹಚ್ಚಿಕೊಂಡು ಕೂತಿದ್ದವಳು, ಇನ್ನು ತಡೆಯಲಾರದೆ ತಾನೇ ಫೋನು ಮಾಡಿದ್ದಳು. ಆದರೂ ಎಲ್ಲ ಹೆಂಡತಿಯರ ಹಾಗೆ ಮೊದಲು ಕೇಳಿದ್ದು ಅದನ್ನೇ.

"ಊಟ ಆಯ್ತಾ?"

"ಆಯ್ತು ಕಣೆ," ಅಂದ ನಿರಂಜನ. "ಎರಡು ವರ್ಷಕ್ಕಾಗುವಷ್ಟು ಆಯ್ತು."