ಅಳಿಯ ತೊಳೆದ ಬೇಲಿ

ಬೇಲಿಯನ್ನು ತೊಳೆಯಬೇಕೆಂಬ ಯೋಚನೆ ಅಳಿಯನಿಗೆ ಹೊಳೆದದ್ದು ಹಲ್ಲುಜ್ಜುವಾಗ. ಹಲ್ಲುಜ್ಜುವಾಗ ಹೊಳೆದದ್ದೆಲ್ಲ ಒಳ್ಳೆಯ ಯೋಚನೆಯಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಓದಿನಿಂದ ಅವನು ಇಂಜಿನಿಯರ್. ಆದರೆ ಕಟ್ಟಿಸುತ್ತಿದ್ದುದು ಮಾವನ ಮನೆಯಾದ್ದರಿಂದ ಮೇಸ್ತ್ರಿಯಿಂದ ಹಿಡಿದು ಲಾರಿಯವನವರೆಗೆ ಎಲ್ಲರಿಗೂ ಅವನು ಅಳಿಯನೇ. ಮನೆ ಮುಗಿದರೆ ಮೇಲಿನ ಮಹಡಿ ಅವನಿಗೂ ಹೆಂಡತಿಗೂ. ಅಲ್ಲಿಯವರೆಗೆ ಮಾವನ ಬಾಡಿಗೆ ಮನೆಯ ಹಜಾರವೇ ಗತಿ. ತೆಳು ಗೋಡೆಯ ಆಚೆ ಕಾಂಕ್ರೀಟ್ ಮಿಕ್ಸರಿನಂತೆ ಗೊರಕೆ ಹೊಡೆಯುವ ಮಾವ. ಸೈಟು ಇಳಿಜಾರಿನದು. ಮಳೆನೀರಿನ ಜೊತೆ ಮಣ್ಣು ರಸ್ತೆಗೆ ಹರಿದದ್ದಕ್ಕೆ ಪಾಲಿಕೆಯಿಂದ ಆಗಲೇ ಎರಡು ನೋಟಿಸು ಬಂದಿದ್ದವು. ಮೂರನೆಯದು ಬಂದರೆ ಕೆಲಸ ಒಂದು ತಿಂಗಳು ಬಂದ್. ಗೊರಕೆಯೂ ಒಂದು ತಿಂಗಳು ಹೆಚ್ಚು.

ಅದಕ್ಕೇ ಅವನು ತಗ್ಗಿನ ಅಂಚಿನುದ್ದಕ್ಕೂ ಕರಿ ಬಟ್ಟೆಯ ಬೇಲಿ ಕಟ್ಟಿಸಿದ್ದ. ನೀರು ಬಟ್ಟೆಯೊಳಗಿಂದ ಸೋರಿ ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಹಿಂದಿನ ದಿನದ ಮಳೆಯಲ್ಲಿ ಬೇಲಿ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿತ್ತು: ಹಿಂದೆ ಮೊಣಕಾಲೆತ್ತರ ಕೆಸರು, ಮುಂದೆ ಚೊಕ್ಕ ರಸ್ತೆ. ಸಂಜೆ ನಾಲ್ಕಕ್ಕೆ ತಪಾಸಣೆಯ ಮೇಡಂ ಬರುವವರಿದ್ದರು.

"ಇದ್ದ ಹಾಗೇ ತೋರ್ಸೋಣ ಬಿಡಿ ಅಳಿಯಂದ್ರೇ," ಎಂದ ಮೇಸ್ತ್ರಿ.

"ನೆಂಟರು ಬಂದಾಗ ನೀನು ಕೊಳೆ ಬಟ್ಟೆ ತೋರಿಸ್ತೀಯೇನಯ್ಯಾ?"

ಮೇಸ್ತ್ರಿ ಕೆಸರು ತೆಗೆಯಲು ಗುದ್ದಲಿ ಎತ್ತಿಕೊಂಡ. ಎದುರುಮನೆಯ ಅಜ್ಜಿ ಗೇಟಿಗೆ ಬಂದು ಇಣುಕಿದರು.

"ಆಹಾ, ಬೆಣ್ಣೆ ಇದ್ದಂಗಿದೆಯಲ್ಲೋ ಮಣ್ಣು! ನನ್ನ ಕುಂಡಗಳಿಗೆ ಕೊಡಪ್ಪಾ."

ಅಜ್ಜಿ ಒಯ್ದದ್ದನ್ನು ಕಂಡು ನಿವೃತ್ತ ಮೇಷ್ಟ್ರು ನಾಲ್ಕು ಚೀಲ ತುಂಬಿಕೊಂಡರು. ಮೇಷ್ಟ್ರನ್ನು ಕಂಡು ದರ್ಜಿ ಬಂದ. ಮಧ್ಯಾಹ್ನದ ಹೊತ್ತಿಗೆ ಕೆಸರೆಲ್ಲ ಬೀದಿಯವರ ಕೈತೋಟ ಸೇರಿತ್ತು. ಅಳಿಯ ಬಟ್ಟೆಯನ್ನು ಬಿಚ್ಚಿ, ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ ಮತ್ತೆ ಕಟ್ಟಿದ.

ಮೇಡಂ ನಾಲ್ಕಕ್ಕೆ ಸರಿಯಾಗಿ ಬಂದರು. ಬೇಲಿಯನ್ನು ಬೆರಳಿನಿಂದ ಸವರಿ, ಬೆರಳು ನೋಡಿಕೊಂಡರು.

"ಯಾವಾಗ ಕಟ್ಟಿದ್ದು?"

"ಮೂರು ವಾರ ಆಯ್ತು ಮೇಡಂ."

"ಮೂರು ವಾರದ ಬಟ್ಟೆ ಅಂಗಡಿಯಿಂದ ಈಗ ತಂದ ಹಾಗಿದೆ! ನಿನ್ನೆ ಅಷ್ಟು ಮಳೆ ಬಂತು, ಹಿಂದೆ ಒಂದು ಹಿಡಿ ಮಣ್ಣಿಲ್ಲ. ಮಣ್ಣೆಲ್ಲ ಚರಂಡಿಗೆ ಬಿಟ್ಟು, ಇವತ್ತು ಹೊಸಾ ಬಟ್ಟೆ ಕಟ್ಟಿದೀರಿ ಅಲ್ವಾ?"

"ಅಯ್ಯೋ, ಇಲ್ಲ ಮೇಡಂ! ಮಣ್ಣು ಈ ಬೀದಿಯವರ ಮನೇಲಿದೆ. ಬೇಕಾದ್ರೆ ಕೇಳಿ!"

ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೋಟಿಸಿನ ಪುಸ್ತಕ ಹಿಡಿದು ತನ್ನ ಗೇಟಿಗೆ ಬಂದ ಮೇಡಂ ದಂಡ ಹಾಕಲೇ ಬಂದವರೆಂದುಕೊಂಡರು ಅಜ್ಜಿ.

"ಮಣ್ಣಾ? ಯಾವ ಮಣ್ಣಮ್ಮಾ? ನಾನು ಮಣ್ಣು ಮುಟ್ಟೋದೇ ಇಲ್ಲ," ಎಂದರು, ಮೊಣಕೈವರೆಗೆ ಕೆಸರಾಗಿದ್ದ ಕೈಯನ್ನು ಬೆನ್ನ ಹಿಂದೆ ಸರಿಸುತ್ತ.

ಮೇಷ್ಟ್ರು ಕಿಟಕಿಯಿಂದಲೇ ಹೇಳಿದರು: "ಆ ಹುಡುಗನ ಪರಿಚಯವೇ ನನಗಿಲ್ಲ." ದರ್ಜಿ ಬಾಗಿಲನ್ನೇ ತೆರೆಯಲಿಲ್ಲ.

ಮೇಡಂ ಸೈಟಿನ ಗೇಟಿನೆದುರಿಗೆ ಮರಳಿ, ಪೆನ್ನು ತೆಗೆದು ನೋಟಿಸು ಬರೆಯತೊಡಗಿದರು. ಅಳಿಯ ಅಜ್ಜಿಯತ್ತ ಓಡಿದ.

"ಅಜ್ಜೀ, ನೀವು ತಗೊಂಡಿದ್ದು ತಪ್ಪಲ್ಲ, ತೋರಿಸದಿದ್ರೆ ನನ್ನ ಕತೆ ಮುಗೀತು! ಇನ್ನೊಂದು ತಿಂಗಳು ಮಾವನ ಗೊರಕೆ ಕೇಳ್ಬೇಕು!"

ಅಜ್ಜಿಯ ಮನಸ್ಸು ಕರಗಿತು. "ಗೊರಕೆಯಾ? ನಲವತ್ತು ವರ್ಷ ಕೇಳಿದವಳು ಕಣಪ್ಪಾ ನಾನು. ಶತ್ರುವಿಗೂ ಬೇಡ!" ಎಂದವರೇ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಏ ಮೇಷ್ಟ್ರೇ, ತನ್ರೀ ಹೊರಗೆ! ಟೈಲರಪ್ಪಾ, ನೀನೂ ತಾರೋ!"

ಬುಟ್ಟಿ, ಚೀಲ, ಬಕೆಟ್ಟು, ಕೊನೆಗೆ ಗಿಡದ ಸಮೇತ ಒಂದು ಕುಂಡ, ಎಲ್ಲವೂ ಬಂದವು. ನಿಯತ್ತು ತೋರಿಸುವ ಆತುರದಲ್ಲಿ ಎಲ್ಲರೂ ತಂದದ್ದನ್ನು ಮೇಡಂ ಮುಂದೆಯೇ ದಬದಬ ಸುರಿದರು. ಮೇಡಂ ಒಂದು ಚಿಟಿಕೆ ಎತ್ತಿ ಉಜ್ಜಿ, ಸೈಟಿನ ಮಣ್ಣಿನೊಡನೆ ಹೋಲಿಸಿ ನೋಡಿದರು.

"ಅದೇ ಬಣ್ಣ, ಅದೇ ನುಣುಪು. ಇದು ಈ ಸೈಟಿನ ಮಣ್ಣೇ. ಬೇಲಿ ಚೆನ್ನಾಗಿ ತಡೆದಿದೆ, ಒಪ್ಪಿದೆ," ಎಂದು ಬರೆದದ್ದನ್ನು ಹೊಡೆದು ಹಾಕಿದರು.

ಅಳಿಯ ಕೈಮುಗಿದ. ಮನಸ್ಸಿನಲ್ಲಿ ಆಗಲೇ ಮೇಲಿನ ಮಹಡಿಯಲ್ಲಿ ಕಾಲು ಚಾಚಿ ಮಲಗಿದ್ದ.

ಮೇಡಂ ಹೊರಡಲು ಕಾಲೆತ್ತಿದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಬಗ್ಗಿ ನೋಡಿದರು.

"ಇಷ್ಟೂ ಮಣ್ಣು ಈ ಸೈಟಿಂದು ಅಂತ ನೀವೇ ಸಾಬೀತು ಮಾಡಿದ್ರಿ. ಸರಿ. ಈಗ ಇದು ಎಲ್ಲಿದೆ?"

ಅಳಿಯನ ಪರವಾಗಿ ಮೇಸ್ತ್ರಿ ಹೇಳಿದ: "ನಡುರಸ್ತೇಲಿ, ಮೇಡಂ."

ಮೂರನೆಯ ನೋಟಿಸು ಪುಸ್ತಕದಿಂದ ಪರ್ ಎಂದು ಹರಿಯಿತು. ಅಳಿಯನ ಪೆಚ್ಚು ಮುಖ ಕಂಡು ಅಜ್ಜಿಗೆ ಅಯ್ಯೋ ಎನಿಸಿತು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಸಾಲ್ದೇನಮ್ಮಾ? ಹಿತ್ತಲಲ್ಲಿ ಇನ್ನೂ ಎರಡು ಬುಟ್ಟಿ ಇದೆ, ತಂದು ಸುರೀಲಾ?"