ಈರುಳ್ಳಿ ಸಿಪ್ಪೆ ಹಸೀನಾ, ಒಣದಾ?

ಕಸದ ವಿಷಯ ಮಾತಾಡಿ ಮರ್ಯಾದೆ ಉಳಿಸಿಕೊಂಡವರು ನಮ್ಮ ತರೀಕೆರೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಿಲ್ಲ, ನಾನಂತೂ ದಿನಕ್ಕೊಂದು ಸಲ ಕಳಕೊಂಡಿದ್ದೇನೆ. ಮೂರು ತಿಂಗಳ ಮಟ್ಟಿಗೆ ಅಂತ ನನಗೊಂದು ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಕಸದ ಗಾಡಿಯ ಜೊತೆ ನಮ್ಮ ಬೀದಿಯ ಮನೆಮನೆಗೂ ಹೋಗಿ, ಹಸಿ ಕಸ ಹಸಿರು ಬಕೆಟ್ಟಿಗೆ, ಒಣ ಕಸ ನೀಲಿ ಬಕೆಟ್ಟಿಗೆ ಹಾಕಿ, ಕರೆಂಟ್ ಉಳಿಸಿ, ಪ್ಲಾಸ್ಟಿಕ್ ಬಿಡಿ ಎಂದು ತಿಳಿಹೇಳಬೇಕು. ಕೊನೆಗೆ ಪುರಸಭೆಯ ಸಾಹೇಬರು ಬಂದು ನೋಡುತ್ತಾರೆ. ಜನ ಕಲಿತಿದ್ದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನಾನು ವಾಪಸ್ ಅಡುಗೆಮನೆಗೆ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಮದುವೆಯಾದ ಮೇಲೆ ಮೊದಲ ಸಲ ನನ್ನದೇ ಹೆಸರಿನ ಗುರುತಿನ ಚೀಟಿ ಕೊರಳಲ್ಲಿತ್ತು, ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೀತಿದ್ದೆ.

ಮೇಷ್ಟ್ರ ಉಳಿತಾಯ

ನಮ್ಮ ಪಕ್ಕದ ಮನೆಯವರು ರಿಟೈರ್ಡ್ ಮೇಷ್ಟ್ರು. "ಫೋನು ತುಂಬಿದ ಮೇಲೆ ಚಾರ್ಜರ್ ತೆಗೀರಿ ಸಾರ್, ಸುಮ್ಸುಮ್ನೆ ಫ್ಯಾನು, ಟೀವಿ ಹಾಕ್ಬೇಡಿ" ಅಂದೆ. ಅವರು ಅದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು.

ವಾರ ಬಿಟ್ಟು ಅವರೇ ದಾರಿಯಲ್ಲಿ ಹಿಡಿದು ನಿಲ್ಲಿಸಿದರು. "ನಮ್ಮನೇಲಿ ಈಗ ಚಾರ್ಜರ್ ಸಿಕ್ಸೋದೇ ಇಲ್ಲ ಕಣಮ್ಮ. ಮಧ್ಯಾಹ್ನ ಫ್ಯಾನಿಲ್ಲ, ಟೀವಿ ಇಲ್ಲ."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸಾಹೇಬರಿಗೆ ಹೇಳಲು ಒಂದು ಮನೆಯಾದರೂ ಸಿಕ್ಕಿತಲ್ಲ! ಅವತ್ತು ಮಧ್ಯಾಹ್ನ ಸ್ವಲ್ಪ ಬೇಗ ಮನೆಗೆ ಬಂದೆ. ನಮ್ಮ ನಡುಮನೆಯಲ್ಲಿ, ನಮ್ಮ ಫ್ಯಾನಿನ ಕೆಳಗೆ, ನಮ್ಮ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿಕೊಂಡು ಮೇಷ್ಟ್ರು ನಮ್ಮ ಟೀವಿ ನೋಡುತ್ತಿದ್ದರು. ನಮ್ಮತ್ತೆ ಕಾಫಿ ಬೇರೆ ಕೊಟ್ಟಿದ್ದರು.

"ಬಾರಮ್ಮ, ಕೂತ್ಕೊ," ಎಂದು ನನ್ನ ಮನೆಯಲ್ಲೇ ನನಗೆ ಉಪಚಾರ ಮಾಡಿದರು. "ಚಿಂತೆ ಮಾಡ್ಬೇಡ, ಹೋಗ್ವಾಗ ಎಲ್ಲಾ ಆರ್ಸೇ ಹೋಗ್ತೀನಿ."

ಮತ್ತೆ ಮತ್ತೆ ಬಳಸಿ

ಪ್ಲಾಸ್ಟಿಕ್ ಕವರ್ ಬಿಡಿಸಲು ಮನೆಗೆರಡು ಬಟ್ಟೆ ಚೀಲ ಹಂಚಿದೆವು. ಮೇಲೆ ದಪ್ಪ ಅಕ್ಷರದಲ್ಲಿ "ಬಿಸಾಡಬೇಡಿ, ಮತ್ತೆ ಮತ್ತೆ ಬಳಸಿ" ಎಂದು ಅಚ್ಚು ಹಾಕಿತ್ತು. ಬೀದಿಯ ಟೈಲರಣ್ಣನ ಹೆಂಡತಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೇ ಗಟ್ಟಿ ಐತೆ ಕಣ್ರೀ, ಇನ್ನೆರಡು ಕೊಡಿ" ಎಂದು ಕೇಳಿ ತೆಗೆದುಕೊಂಡರು.

ಆಮೇಲೆ ಅವರ ಕೈಯಲ್ಲಿ ಚೀಲ ಕಂಡಿದ್ದೇ ಇಲ್ಲ. ಸಂತೆಗೆ ಮತ್ತದೇ ಪ್ಲಾಸ್ಟಿಕ್ ಕವರು. "ಚೀಲ ಎಲ್ಲಿ ಅಕ್ಕಾ?" ಎಂದು ಕೇಳಿದೆ. ಅವರು ಬಟ್ಟೆ ಒಣಹಾಕುವ ಹಗ್ಗದ ಕಡೆ ಕೈ ತೋರಿಸಿದರು. ಅಲ್ಲಿ ಟೈಲರಣ್ಣನ ಎರಡು ಚಡ್ಡಿ ಗಾಳಿಗೆ ಆಡುತ್ತಿದ್ದವು. ಎರಡರ ಹಿಂಭಾಗದಲ್ಲೂ ಸರಿಯಾಗಿ ಮಧ್ಯಕ್ಕೆ, "ಮತ್ತೆ ಮತ್ತೆ ಬಳಸಿ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಟೈಲರಣ್ಣನ ದನಿ ಬಂತು: "ಅಕ್ಷರ ಹೋಗೋ ಸೋಪು ಯಾವ್ದಾದ್ರೂ ಇದ್ರೆ ಹೇಳವ್ವ!"

ಗರಗರ ಅನ್ನೋ ಹಸಿ

ಬೀದಿಯ ಕೊನೇ ಮನೆ ಅಜ್ಜಿಯದು. ಅಜ್ಜಂಪುರದ ಕಡೆಯ ಹೆಣ್ಣುಮಗಳು, ಈರುಳ್ಳಿ ಹೊಲದಲ್ಲೇ ಬೆಳೆದವರು. ಅಡುಗೆಮನೆಯ ಕಸವೆಲ್ಲ ಹಸಿ ಎಂದು ನಾನು ಹೇಳಿದ್ದೇ ತಡ, ಒಂದು ಹಿಡಿ ಈರುಳ್ಳಿ ಸಿಪ್ಪೆ ತಂದು ನನ್ನ ಕಿವಿಯ ಹತ್ತಿರ ಹಿಸುಕಿದರು.

"ಕೇಳಿಸ್ತೇನೇ? ಗರಗರ ಅಂತೈತೆ. ಇದು ಹಸೀನಾ?"

"ಹೂಂ ಅಜ್ಜಿ, ಲೆಕ್ಕಕ್ಕೆ ಹಸೀನೇ."

"ಮತ್ತೆ ಈ ಹಾಲಿನ ಕವರು? ತೊಟತೊಟ ತೊಟ್ಟಿಕ್ತೈತೆ."

"ಅದು ಒಣ ಕಸ ಅಜ್ಜಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿಸಿಲಲ್ಲಿ ಭಾಳ ತಿರುಗ್ಬೇಡ ಕಣೇ," ಎಂದು ನೀರುಮಜ್ಜಿಗೆ ಕೊಟ್ಟು ಕಳಿಸಿದರು.

ಮಾರನೇ ದಿನದಿಂದ ಅಜ್ಜಿಯ ಮನೆಯಲ್ಲಿ ಹಸಿ ಕಸವೇ ಇಲ್ಲ! ಕುಂಬಳದ ತಿರುಳು, ಬಾಳೆ ಸಿಪ್ಪೆ, ಸೊಪ್ಪಿನ ಕಡ್ಡಿ ಎಲ್ಲವನ್ನೂ ಮೊರದಲ್ಲಿ ಹರಡಿ, ಜಗಲಿಯ ಬಿಸಿಲಿಗಿಟ್ಟು, ಸಂಡಿಗೆ ಕಾಯುವ ಹಾಗೆ ಕಾಗೆ ಓಡಿಸುತ್ತಾ ಕೂತಿರುತ್ತಿದ್ದರು. ಚೆನ್ನಾಗಿ ಒಣಗಿದ ಮೇಲೆ ನೀಲಿ ಬಕೆಟ್ಟಿಗೆ. "ನಿಂಗೇ ಸುಲಭ ಆಗ್ಲಿ ಅಂತ ಕಣೇ," ಅಂದರು. ಆ ಪ್ರೀತಿಯ ಎದುರು ಹೇಗೆ ಬೈಯುವುದು?

ಸಾಹೇಬರು ಬಂದರು

ಕೊನೆಗೆ ಆ ದಿನ ಬಂದೇಬಿಟ್ಟಿತು. ಸಾಹೇಬರನ್ನು ಮೇಷ್ಟ್ರ ಮನೆ ದಾಟಿಸಿದೆ, ಟೈಲರಣ್ಣನ ಹಗ್ಗ ಕಾಣದ ಹಾಗೆ ಆ ಪಕ್ಕಕ್ಕೆ ನಾನೇ ಅಡ್ಡ ನಡೆದೆ. ಬೀದಿಯ ಕೊನೆಯಲ್ಲಿ ಜಗಲಿಯ ಮೇಲೆ ಅಜ್ಜಿ, ಪಕ್ಕದಲ್ಲಿ ಎರಡು ಬಕೆಟ್ಟು, ಮುಂದೆ ಮೊರ.

"ಹೇಗಮ್ಮ ನಿಮ್ಮ ಬೀದಿ?" ಎಂದರು ಸಾಹೇಬರು.

ಕೊರಳ ಚೀಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿಬಿಟ್ಟೆ. "ಎಲ್ಲಾ ಮನೆಯೋರೂ ಸರಿಯಾಗಿ ಬೇರೆ ಮಾಡ್ತಾರೆ ಸಾರ್. ಒಬ್ಬರೂ ತಪ್ಪಲ್ಲ."

"ಹೌದೇನಜ್ಜಿ?"

"ಸುಳ್ಳು ಕಣಪ್ಪಾ," ಎಂದರು ಅಜ್ಜಿ.

ಮೂರು ತಿಂಗಳ ತಿರುಗಾಟ ಮಣ್ಣುಪಾಲಾಯಿತು ಅಂದುಕೊಂಡೆ.

"ಸುಳ್ಳಾ?"

"ಹೂಂ. ಅದೂ ಹಸಿ ಸುಳ್ಳು. ಹಸಿರು ಬಕೀಟಿಗೆ ಹಾಕು."

ಸಾಹೇಬರು ಜಗಲಿಯ ಮೇಲೆ ಕುಸಿದು ಕೂತು, ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು. "ಹಸಿ ಯಾವ ಬಕೆಟ್ಟಿಗೆ ಅಂತ ಅಜ್ಜಿಗೇ ಗೊತ್ತಿದೆಯಲ್ಲ! ಇಷ್ಟು ಚೆನ್ನಾಗಿ ಕಲಿಸಿದೋರನ್ನ ಕೆಲಸದಿಂದ ತೆಗೆಯೋಕಾಗುತ್ತಾ? ಮುಂದುವರಿಸಿ ಅಮ್ಮ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಹಸಿರು ಬಕೆಟ್ಟನ್ನು ಕಾಲಲ್ಲಿ ಸಾಹೇಬರ ಕಡೆಗೆ ತಳ್ಳಿದರು.

"ಇವ್ಳು ಕಲಿಸಿದ್ಳಾ? ಅದನ್ನೂ ಇದ್ರೊಳಕ್ಕೇ ಹಾಕಪ್ಪಾ."